ಇತ್ಸುಕೊ ಕಾರಿನ ಚಳಿಗಾಲದ ಎತ್ತರ

ಅಕ್ಟೋಬರ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಕುವಬರ ಇತ್ಸುಕೊ ಮನೆಯಂಗಳದಲ್ಲಿ ತನ್ನ ಕಾರಿನ ಮುಂದಿನ ಬಲಚಕ್ರ ಕಳಚಿಟ್ಟು, ಸ್ಪ್ರಿಂಗಿನ ಕೆಳಗಿನ ತಿರುಪಿನ ಗೆರೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಹಿಂದಿನ ಸಂಜೆ ನಮ್ಮೂರು ನಯೊರೊದಲ್ಲಿ, ಹಿಮ ಬೀಳುವ ಮುನ್ನ ಕಾಣಿಸಿಕೊಳ್ಳುವ ಬಿಳಿ ಹಿಮಹುಳುಗಳು ಹಾರಿದ್ದವು. ಇನ್ನು ಹತ್ತು ದಿನದೊಳಗೆ ಮೊದಲ ಹಿಮ.

ಇತ್ಸುಕೊಗೆ ಐವತ್ತೆರಡು. ನಮ್ಮ ಶಾಲೆಯ ಅಡುಗೆಮನೆಯಲ್ಲಿ ಇನ್ನೂರ ಹನ್ನೆರಡು ಮಕ್ಕಳಿಗೆ ಹುದುಗಿಸಿದ ಸೋಯಾದ ಮಿಸೊ ಸಾರು ಕುದಿಸುತ್ತಾಳೆ; ನಾನು ಅಲ್ಲಿ ಪೋಷಕಾಂಶಗಳ ಲೆಕ್ಕ ನೋಡುವ ಟೀಚರ್. ನಲವತ್ತನೆಯ ಹುಟ್ಟುಹಬ್ಬಕ್ಕೆ ತಾನೇ ಕೊಂಡುಕೊಂಡ ಆ ಕಾರು ನೆಲಕ್ಕೆ ಅಂಟಿದಷ್ಟು ತಗ್ಗು. ಕಳೆದ ಜನವರಿಯಲ್ಲಿ ಅದು ರಸ್ತೆಯ ನಡುವಿನ ಗಟ್ಟಿ ಹಿಮದ ಏರಿಯ ಮೇಲೆ ಹೊಟ್ಟೆಯೂರಿ ನಿಂತುಬಿಟ್ಟಿತು. ಅಂದು ಮಕ್ಕಳು ಸಾರಿಲ್ಲದೆ ಉಂಡರು. ಅಡುಗೆಮನೆಯ ಮೇಲ್ವಿಚಾರಕ ಕದೊವಾಕಿ ಹೇಳಿದ್ದು ಇಷ್ಟೇ: "ಇನ್ನೊಂದ್ ಸಲ ಹೀಗಾದ್ರೆ, ಆ ನೆಲ ನೆಕ್ಕೋ ಕಾರು ಬಿಡು, ಇಲ್ಲ ಸಾರಿನ ಹಂಡೆ ಬಿಡು."

"ಗಜ್ಜರೀನೂ ಗ್ರಾಮ್ ಲೆಕ್ಕದಲ್ಲಿ ತೂಗೋರು ನೀವು, ಟೀಚರ್. ಎಲ್ಲಿ ತಪ್ಪಿದೆ ನೋಡಿ," ಎಂದು ಇತ್ಸುಕೊ ನನ್ನನ್ನು ಕರೆದಿದ್ದಳು.

"ಹೋದ ವರ್ಷ ಕಾರಿನ ಹೊಟ್ಟೆ ಕೆಳಗೆ ಎಷ್ಟು ಜಾಗ ಬಿಟ್ಟಿದ್ರಿ?"

"ಹದಿನಾಲ್ಕು ಸೆಂಟಿಮೀಟರ್. ನಾನೇ ಅಳೆದಿದ್ದೆ."

"ಮರಳಿನ ಚೀಲ ಹಾಕೋಕ್ ಮುಂಚೆಯೋ, ಆಮೇಲೋ?"

ಇತ್ಸುಕೊ ಬ್ರಷ್ಷನ್ನು ಕೆಳಗಿಟ್ಟಳು. ಹಿಂದಿನ ಚಕ್ರಗಳಿಂದ ಓಡುವ ಕಾರು ಜಾರಬಾರದೆಂದು ನಮ್ಮಲ್ಲಿ ಡಿಕ್ಕಿಯಲ್ಲಿ ಇಪ್ಪತ್ತು ಕಿಲೋದ ಮೂರು ಮರಳಿನ ಚೀಲ ಹೇರುತ್ತಾರೆ. ಆಕೆ ಅಳೆದದ್ದು ಖಾಲಿ ಕಾರನ್ನು, ಅದೂ ಜ್ಯಾಕಿನಿಂದ ಇಳಿಸಿದ ಮರುಕ್ಷಣ, ಸ್ಪ್ರಿಂಗು ಕುಳಿತುಕೊಳ್ಳುವ ಮೊದಲೇ.

ಸ್ಪ್ರಿಂಗನ್ನು ಹೊತ್ತ ಉಂಗುರವನ್ನು ಆ ತಿರುಪಿನ ಮೇಲೆ ಒಂದು ಸುತ್ತು ತಿರುಗಿಸಿದರೆ ಕಾರು ಎರಡು ಮಿಲಿಮೀಟರ್ ಏರುತ್ತದೆ. ಈ ಸಲ ಎಲ್ಲ ಭಾರ ಹೇರಿದ ಮೇಲೂ ಹದಿನಾಲ್ಕು ಉಳಿಯಬೇಕೆಂದು ನಾಲ್ಕೂ ಕಡೆ ಸುತ್ತುಗಳನ್ನು ಎಣಿಸಿ ಏರಿಸಿದಳು. ಚಕ್ರ ಹಾಕಿ, ಮರಳು ಹೇರಿ, ಬೀದಿಯನ್ನು ಎರಡು ಬಾರಿ ಸುತ್ತಿ ಬಂದಳು.

"ಒಳಗೇ ಕೂತಿರಿ, ನಾನು ಅಳೀತೀನಿ," ಎಂದೆ.

"ನನ್ ಕಾರಿನ ಅಳತೆ ನನ್ ಕಣ್ಣಲ್ಲೇ ನೋಡ್ಬೇಕು."

"ಹಾಗಾದ್ರೆ ಸೀಟಿನ ಮೇಲೆ ನಿಮ್ಮಷ್ಟೇ ಭಾರ ಅಕ್ಕಿ ಇಡ್ಬೇಕು. ತೂಕ ಎಷ್ಟು?"

ವರ್ಷವರ್ಷದ ಆರೋಗ್ಯ ತಪಾಸಣೆಯಲ್ಲಿ ತೂಕದ ಚೀಟಿಯನ್ನು ಮಡಿಸಿ ಏಪ್ರನ್ನಿನೊಳಗೆ ಅಡಗಿಸುವ ಹೆಂಗಸು. "ಅರವತ್ತು," ಎಂದಳು.

ಮೂವತ್ತು ಕಿಲೋದ ಎರಡು ಚೀಲ ಇಟ್ಟೆವು. ಟೇಪಿನಲ್ಲಿ ಸರಿಯಾಗಿ ಹದಿನಾಲ್ಕು. ಇತ್ಸುಕೊ ಮಾತ್ರ ನಗಲಿಲ್ಲ.

"ನನಗೆ ಸುಳ್ಳು ಹೇಳಿದ್ರೆ ಪರವಾಗಿಲ್ಲ," ಎಂದೆ. "ಹಿಮದ ಏರಿಗೆ ಹೇಳಿ ನೋಡಿ."

ಬಹಳ ಹೊತ್ತು ಟೇಪನ್ನು ಸುತ್ತಿದಳು, ಬಿಚ್ಚಿದಳು. ಆಮೇಲೆ ಸ್ಪ್ಯಾನರಿಗೆ ಹೇಳುವವಳಂತೆ ತಗ್ಗಿದ ದನಿಯಲ್ಲಿ ಸರಿಯಾದ ತೂಕ ಹೇಳಿದಳು. ಇನ್ನೊಂದು ಸಣ್ಣ ಚೀಲ, ಮೇಲೆ ಎರಡು ಪೊಟ್ಟಣ. ಕಾರು ಒಂದೂವರೆ ಮಿಲಿಮೀಟರ್ ಇಳಿಯಿತು. ಮತ್ತೆ ಜ್ಯಾಕು, ನಾಲ್ಕೂ ಕಡೆ ಒಂದೊಂದು ಸುತ್ತು.

ಆ ಚಳಿಗಾಲದಲ್ಲಿ ಸಾರು ಒಂದು ದಿನವೂ ತಪ್ಪಲಿಲ್ಲ. ಕಾರೂ ಉಳಿಯಿತು, ಹಂಡೆಯೂ ಉಳಿಯಿತು. ಕದೊವಾಕಿ ಗುಟ್ಟು ಕೇಳಿದಾಗ ಇತ್ಸುಕೊ, "ನಿಜ ಹೇಳ್ದೆ, ಅಷ್ಟೇ," ಅಂದಳಂತೆ. ಏನು ನಿಜ ಎಂದು ಆತನಿಗೆ ಇಂದಿಗೂ ತಿಳಿಯದು. ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಆ ಬೆಳಿಗ್ಗೆ ಸ್ಪ್ಯಾನರಿಗೆ ಹೇಳಿದ್ದು: "ಎಪ್ಪತ್ತೆರಡು ಕಿಲೋ."