ಕುಂಕುಮ ಹಚ್ಚಿಸಿಕೊಂಡ ಐರಿಷ್ ನಿಘಂಟು

ಗೊತ್ತಿಲ್ಲದ ಭಾಷೆಗಳ ನಿಘಂಟು ಓದುವ ಚಟ ನನಗಿದೆ. ಗೊತ್ತಿರುವ ಭಾಷೆಯದಾದರೆ ನಾವು ಜೀವಮಾನವಿಡೀ ತಪ್ಪಾಗಿ ಬಳಸಿದ ಮಾತುಗಳೆಲ್ಲ ಕಣ್ಣಿಗೆ ಬಿದ್ದು ಸುಮ್ಮನೆ ಸಂಕಟ. ವ್ಯಾಕರಣದ ತಂಟೆಗೆ ಮಾತ್ರ ನಾನು ಹೋಗುವುದಿಲ್ಲ. ಮೂವತ್ತು ವರ್ಷ ಲಂಡನ್ನಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಅರಿವಳಿಕೆ ಕೊಟ್ಟವನು ನಾನು. ಅದೇ ಕೆಲಸವನ್ನು ವ್ಯಾಕರಣ ಸೂಜಿಯಿಲ್ಲದೆ ಮಾಡುವುದು ಕಂಡು ಹೊಟ್ಟೆಕಿಚ್ಚು.

ಹೋದ ವರ್ಷ ಲಂಡನ್ನಿನ ಗ್ರೀನ್‌ಫರ್ಡ್‌ನ ನಮ್ಮ ಪಕ್ಕದ ಮನೆಯ ನೋರಾ ಅವರಿಂದ ಅವರ ಅಪ್ಪನ ಐರಿಷ್ ನಿಘಂಟನ್ನು ಓದಲು ತಂದೆ. ನೋರಾ ಎಪ್ಪತ್ತು ದಾಟಿದ ನಿವೃತ್ತ ನರ್ಸು. ಅಪ್ಪ ರಸ್ತೆ ಹಾಕುವ ಕೆಲಸಕ್ಕೆಂದು ಐರ್ಲೆಂಡಿನಿಂದ ಬಂದವರು. ಮಗಳಿಗೆ ಭಾಷೆ ಕಲಿಸದೆ ಪುಸ್ತಕ ಮಾತ್ರ ಬಿಟ್ಟುಹೋದರು. ಪುಟದ ಅಂಚಿನ ತುಂಬ ಅವರ ಪೆನ್ಸಿಲ್ ಬರಹ. ಅದನ್ನು ಓದಬೇಕೆಂದೇ ನೋರಾ ಈ ವಯಸ್ಸಿನಲ್ಲಿ ಸಂಜೆಯ ಐರಿಷ್ ಕ್ಲಾಸಿಗೆ ಸೇರಿದ್ದರು. "ಜೋಪಾನ, ಅಪ್ಪನದು ಅಂತ ಉಳಿದಿರುವುದು ಇದೊಂದೇ" ಎಂದು ಹೇಳಿಯೇ ಕೊಟ್ಟಿದ್ದರು.

ಆ ಭಾಷೆಯ ನಿಘಂಟು, ವ್ಯಾಕರಣಗಳ ಚರಿತ್ರೆಯೇ ಒಂದು ಅಲೆದಾಟ. ಆಳುವವರು ತಮ್ಮೂರಲ್ಲಿ ಇರಗೊಡದಿದ್ದಾಗ ಐರಿಷ್ ಸನ್ಯಾಸಿಗಳು ಸಮುದ್ರದಾಚೆಯ ಲೂವೆನ್ನಿನಲ್ಲಿ ನಿಘಂಟು ಅಚ್ಚು ಹಾಕಿದರು, ರೋಮಿನಲ್ಲಿ ವ್ಯಾಕರಣ. ಪ್ಯಾರಿಸ್ಸಿನಲ್ಲಿ ಇನ್ನೊಂದು ನಿಘಂಟು ಹೊರಬಂತು. ಮುಂದೆ ಡಬ್ಲಿನ್ನಿನ ದಂಗೆಯಲ್ಲಿ ಒಂದು ನಿಘಂಟಿನ ಅಚ್ಚಿನ ಫಲಕಗಳೇ ಹಾಳಾಗಿಹೋದವು. ನಾನಾಗಿದ್ದರೆ ಪೀಡೆ ತೊಲಗಿತು ಎಂದು ಹೊದ್ದು ಮಲಗುತ್ತಿದ್ದೆ. ಅದನ್ನು ಬರೆದಿದ್ದ ಪುಣ್ಯಾತ್ಮ ಮತ್ತೆ ಕೂತು ಮೊದಲಿನದಕ್ಕಿಂತ ದಪ್ಪದ್ದನ್ನು ಬರೆದ!

ಇಷ್ಟೆಲ್ಲ ದಾಟಿ ಬಂದ ಕುಲದ ಪುಸ್ತಕ ಕೊನೆಗೆ ನಮ್ಮ ಮನೆಯಲ್ಲಿ ಸಿಕ್ಕಿಬಿತ್ತು.

ದಸರೆ ಬಂತು. ಸರಸ್ವತಿ ಪೂಜೆಗೆ ಪುಸ್ತಕ ಬೇಕಲ್ಲ? ನಮ್ಮವೆಲ್ಲ ಹಳೆ ಸಾಮಾನಿನ ಚಾರಿಟಿ ಅಂಗಡಿ ಸೇರಿ, ಓದುವುದೆಲ್ಲ ಫೋನಿನೊಳಗೆ ಹೊಕ್ಕಿದೆ. ಹಿಂದಿನ ವರ್ಷ ಮನೆ ಬೆಚ್ಚಗಿಡುವ ಬಾಯ್ಲರಿನ ಕೈಪಿಡಿಗೇ ಪೂಜೆಯಾಗಿತ್ತು. ಆ ಚಳಿಗಾಲ ಬಾಯ್ಲರ್ ಕೆಡಲಿಲ್ಲ ನೋಡಿ ಎಂಬುದು ನನ್ನ ಹೆಂಡತಿ ಸುಮಿತ್ರಾಳ ವಾದ. ಈ ಸಲ ಆಕೆಗೆ ಸೋಫಾದ ಮೇಲೆ ದಪ್ಪ ನಿಘಂಟು ಕಂಡಿತು. ನಾನು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಅದು ಮಣೆಯೇರಿ, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಕೂತಿತ್ತು.

ಹೊಸ್ತಿಲಲ್ಲೇ ಕೂಗಿದೆ, "ಅಯ್ಯಯ್ಯ, ಅದು ನೋರಾ ಅವ್ರ ಅಪ್ಪಂದು! ನಾಳೆ ಕ್ಲಾಸಿಗೆ ಬೇಕಂತ ಈಗ ಒಯ್ಲಿಕ್ಕೆ ಬರ್ತಾರ!"

"ದಶಮಿ ಪೂಜಾ ಆಗೂ ತನಕ ಅಲ್ಲಾಡಸಂಗಿಲ್ಲ. ಓದಂಗೂ ಇಲ್ಲ. ಧಾರವಾಡದಾಗ ಹುಟ್ಟಿ ಇಷ್ಟೂ ಗೊತ್ತಿಲ್ಲೇನ್ರಿ?" ಎಂದಳು ಸುಮಿತ್ರಾ.

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಒಳಗೆ ಬಂದ ನೋರಾ ಮಣೆಯ ಮುಂದೆ ನಿಂತೇಬಿಟ್ಟರು. ಇಪ್ಪತ್ತು ವರ್ಷದ ಸ್ನೇಹ ಇವತ್ತಿಗೆ ಮುಗಿಯಿತು ಎಂದುಕೊಂಡೆ. ತೊದಲುತ್ತ ಕ್ಷಮೆ ಕೇಳಿದೆ, ನಮ್ಮ ಪದ್ಧತಿ ವಿವರಿಸಿದೆ.

"ಐರಿಷರೆಂದರೆ ಇಲ್ಲಿ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಅಪ್ಪ ಇದಕ್ಕೆ ಬ್ರೌನ್ ಪೇಪರ್ ಹಾಕಿ, ಹೆಸರು ಯಾರಿಗೂ ಕಾಣದ ಹಾಗೆ ಬಸ್ಸಿನಲ್ಲಿ ಓದುತ್ತಿದ್ದರು," ಎಂದರು ನೋರಾ ಮೆಲ್ಲಗೆ. "ಇದಕ್ಕೆ ಒಬ್ಬರು ಹೂ ಮುಡಿಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ." ಕಣ್ಣೊರೆಸಿಕೊಂಡವರು ತಟ್ಟನೆ ನನ್ನತ್ತ ತಿರುಗಿದರು. "ದಶಮಿಯವರೆಗೆ ಓದಲೇಬಾರದೇ? ಹಾಗಾದರೆ ಹೋಂವರ್ಕೂ ಇಲ್ಲ! ಆದರೆ ನಮ್ಮ ಟೀಚರು ಬರೀ ಬಾಯಿಮಾತು ನಂಬುವುದಿಲ್ಲ. ಡಾಕ್ಟ್ರೇ, ಒಂದು ಸರ್ಟಿಫಿಕೇಟ್ ಕೊಡಿ."

ಕೊಟ್ಟೆ. "ಈ ನಿಘಂಟು ದಶಮಿಯವರೆಗೆ ಸಂಪೂರ್ಣ ವಿಶ್ರಾಂತಿಯಲ್ಲಿರತಕ್ಕದ್ದು." ಕೆಳಗೆ ನನ್ನ ರುಜು.

ದಶಮಿಯ ಬೆಳಿಗ್ಗೆ ಪೂಜೆ ಮುಗಿಸಿ ನಾಲ್ಕು ಸಾಲು ಓದುವುದು ಪದ್ಧತಿ. ಅಪ್ಪನ ಪೆನ್ಸಿಲ್ ಬರಹವನ್ನು ನೋರಾ ತಡವರಿಸಿ ತಡವರಿಸಿ ಓದಿದರು. ತಪ್ಪಿದ್ದರೆ ಹೇಳುವವರು ಯಾರೂ ಇರಲಿಲ್ಲ, ಅದೇ ಸುಖ. ಸುಮಿತ್ರಾ ಕೈಮುಗಿದೇ ಕೇಳಿದಳು.

ಈ ವರ್ಷ ನವರಾತ್ರಿಯ ಮೊದಲ ದಿನವೇ ಬೆಲ್ ಆಯಿತು. ಬಾಗಿಲಲ್ಲಿ ನೋರಾ, ಬೆನ್ನಿಗೆ ಅವರ ಇಡೀ ಕ್ಲಾಸು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಐರಿಷ್ ವ್ಯಾಕರಣ. ಎಲ್ಲರಿಗಿಂತ ದಪ್ಪದ್ದನ್ನು ಹೊತ್ತು ಕೊನೆಯಲ್ಲಿ ನಿಂತಿದ್ದವರು ಟೀಚರು.