ಕಂಬಳಿ ಹೊದ್ದ ಕಾಂಕ್ರೀಟು
ಗಲ್ಫ್‌ನ ಖಲೀಫಾ ಸಿಟಿಯ ಆ ವಿಲ್ಲಾದ ಗೇಟು ತೆರೆದವನು ಅಲ್ಲೇ ನಿಂತುಬಿಟ್ಟೆ. ಹಿಂದಿನ ಸಂಜೆ ಕಾರು ನಿಲ್ಲಿಸುವ ಜಾಗಕ್ಕೆ ನಾವು ಹಾಕಿಹೋಗಿದ್ದ ಹಸಿ ಕಾಂಕ್ರೀಟು ಕಂಬಳಿ ಹೊದ್ದು ಮಲಗಿತ್ತು. ಗಾಳಿಗೆ ಹಾರದಂತೆ ಅಂಚಿನಲ್ಲಿ ಕುಕ್ಕರ್, ಹೂಕುಂಡ, ಮಕ್ಕಳ ಸೈಕಲ್ಲು.

“ಎಂತ ಡಾಕ್ಟ್ರೇ ಇದು?” ಎಂದೆ.

ಮನೆಯ ಯಜಮಾನರಾದ ಧಾರವಾಡದ ಡಾಕ್ಟರು ಚಹಾ ಕಪ್ಪು ಹಿಡಿದು ಸಂಭ್ರಮದಿಂದ ಬಂದರು. “ಕೆನಡಾದಾಗ ನಮ್ಮ ತಮ್ಮ ಅದಾನಲ್ರಿ, ಅವನೂ ಮನಿ ಮುಂದ ಇಂಥಾದ್ದ ಹಾಕಿಸ್ಯಾನ. ಥಂಡಿಗೆ ಕಾಂಕ್ರೀಟ್ ಕೆಡ್ತೈತಿ, ಕಂಬಳಿ ಹೊಚ್ಚು ಅಂದ. ನಿನ್ನಿ ಇಲ್ಲೂ ಭಾಳ ಥಂಡಿ ಇತ್ರಿ!”

ಅಲ್ಲಿ ಹಿಮ ಬೀಳುತ್ತದೆ, ಸರಿ. ಇಲ್ಲಿ ಜನವರಿಯಲ್ಲೂ ಜನ ಸ್ವೆಟರ್ ಹಾಕಿಕೊಂಡು ಐಸ್‌ಕ್ರೀಂ ತಿನ್ನುತ್ತಾರೆ. ಮೇಲ್ಪದರದ ಸಿಮೆಂಟು ಬೇಗ ಗಟ್ಟಿಯಾಗದಿರಲೆಂದು ನಾವು ರಾಸಾಯನಿಕ ಸಿಂಪಡಿಸಿದ್ದೆವು. ಬೆಳಿಗ್ಗೆ ನೀರು ಹೊಡೆದು ಆ ಸಿಮೆಂಟನ್ನು ತೊಳೆದರೆ ಒಳಗಿನ ಬಣ್ಣದ ಹರಳುಕಲ್ಲುಗಳು ಎದ್ದು ಕಾಣಬೇಕು, ಅದೇ ಈ ಕೆಲಸದ ಅಂದ. ಆದರೆ ಕಂಬಳಿಯ ಕಾವಿಗೆ ಎಲ್ಲ ಬಿಗಿದುಕೊಂಡಿತ್ತು. ಪೈಪು ಹಿಡಿದು ಎಷ್ಟು ನೀರು ಹೊಡೆದರೂ ಒಂದು ಹರಳೂ ಕಾಣಲಿಲ್ಲ. ಕಂಡದ್ದು ಅಂಟಿಕೊಂಡ ಉಣ್ಣೆಯ ಎಳೆಗಳು ಮಾತ್ರ. ತಲೆ ಚಚ್ಚಿಕೊಳ್ಳುವಂತಾಯಿತು.

ಡಾಕ್ಟರು ಅದನ್ನೆಲ್ಲ ವಿಡಿಯೊ ಕಾಲ್‌ನಲ್ಲಿ ತಮ್ಮನಿಗೆ ತೋರಿಸಿ, ನನ್ನ ಕಡೆ ತಿರುಗಿದರು. “ಒಂದ ಕಂಬಳಿ ಸಾಲಿಲ್ಲಂತ್ರಿ. ಎರಡೆರಡ ಹೊಚ್ಚಬೇಕಿತ್ತಂತ.”

ಎಲ್ಲ ಒಡೆದು ಮತ್ತೆ ಹಾಕಿದೆವು. ಈಗ ಹೊಸ ಕೆಲಸ ಬಂದರೆ ಕಲ್ಲಿನ ಬಣ್ಣದ ಮಾತು ಆಮೇಲೆ. ನಾನು ಮೊದಲು ಕೇಳುವುದು, ಕೆನಡಾದಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು.