ಎರಡು ನಿಮಿಷ ತಡವಾದ ಮೂರು ಮತಗಳು

ಆರಿನ್ ಟೆಡ್ರೋ ಇಪ್ಪತ್ತಾರು ವರ್ಷ ನಮ್ಮ ಕಾಲೇಜಿನ ಆಟಗಾರರ ಹಿಂದೆ ಪ್ರಶ್ನೆಪತ್ರಿಕೆ ಹೊತ್ತು ತಿರುಗಿದ. ಒಹಾಯೊದ ಈ ಊರಿನಿಂದ ತಂಡದ ಬಸ್ಸು ಹೊರಟಿತೆಂದರೆ ಚಾಲಕನ ಹಿಂದಿನ ಸೀಟು ಅವನದು, ತೊಡೆಯ ಮೇಲೆ ಬೀಗ ಹಾಕಿದ ಕಂದು ಚೀಲ. ನಮ್ಮದು ಒಂಬತ್ತು ಕಾಲೇಜುಗಳ ಹಳೆಯ ಕ್ರೀಡಾ ಒಕ್ಕೂಟ. ಪಂದ್ಯದ ದಿನವೇ ಪರೀಕ್ಷೆ ಬಂದರೆ ಆಟಗಾರರು ಎದುರಾಳಿ ಕಾಲೇಜಿನ ಗ್ರಂಥಾಲಯದಲ್ಲಿ, ಊರಲ್ಲಿ ಉಳಿದ ಸಹಪಾಠಿಗಳು ಬರೆಯುವ ಹೊತ್ತಿಗೇ ಕೂತು ಬರೆಯಬೇಕು. ಒಕ್ಕೂಟದ ನಿಯಮ ಅದು. ಕಾವಲಿಗೆ ಆರಿನ್.

ಅವನಿಗೆ ಪದವಿ ಇರಲಿಲ್ಲ. ಎರಡನೆಯ ವರ್ಷಕ್ಕೆ ಓದು ಬಿಟ್ಟವನು. ಬಹುಶಃ ಅದಕ್ಕೇ ಪರೀಕ್ಷೆಯನ್ನು ನಮಗಿಂತ ಹೆಚ್ಚು ಗೌರವಿಸುತ್ತಿದ್ದ. ಒಮ್ಮೆ ಬೆರಳು ಮುರಿದುಕೊಂಡ ಬ್ಯಾಸ್ಕೆಟ್‌ಬಾಲ್ ಹುಡುಗನೊಬ್ಬ ಎಡಗೈಯಲ್ಲಿ ಬರೆಯುತ್ತ, "ಇನ್ನೊಂದೇ ಸಾಲು, ಆರಿನ್" ಎಂದು ಬೇಡಿದ್ದ.

"ಆ ಸಾಲನ್ನ ಮೊದ್ಲೇ ಬರೀಬೇಕಿತ್ತಪ್ಪ" ಎಂದು ಉತ್ತರಪತ್ರಿಕೆ ಎಳೆದುಕೊಂಡ. ಹುಡುಗ ನನ್ನ ರಸಾಯನಶಾಸ್ತ್ರದಲ್ಲಿ ಫೇಲಾದ. ನಾನು ಆರಿನ್‌ನ ಬೆನ್ನು ತಟ್ಟಿದೆ.

ಆಮೇಲೆ ದೊಡ್ಡ ಒಕ್ಕೂಟವೊಂದರಿಂದ ಸೇರಿಕೊಳ್ಳಲು ಕರೆ ಬಂತು. ಟಿವಿಯವರು ಕೊಡುವ ದುಡ್ಡಿನಲ್ಲಿ ವರ್ಷಕ್ಕೆ ಹನ್ನೊಂದು ದಶಲಕ್ಷ ಡಾಲರ್ ನಮ್ಮ ಪಾಲು. ಪಂದ್ಯಗಳು ದೇಶದ ಎರಡೂ ಕಡಲತೀರಗಳಲ್ಲಿ, ವಾರದ ನಡುವೆ, ವಿಮಾನದಲ್ಲಿ ಹೋಗಿಬರುವುದು. ಗ್ರಂಥಾಲಯದಲ್ಲಿ ಪರೀಕ್ಷೆ ಬರೆಸುವ ಪದ್ಧತಿಯನ್ನು ಆ ಒಕ್ಕೂಟದವರು ಕೇಳಿಯೂ ಇರಲಿಲ್ಲ. ನಮ್ಮ ಕಾಲೇಜಿನ ಅಧ್ಯಕ್ಷ ಗ್ರೇಡನ್ ವೈಲ್ ಅಧ್ಯಾಪಕರ ಮತ ಕೇಳಿದ. ಹೆಚ್ಚಿನವರು ಬೇಡವೆಂದರೆ ಆ ಮಾತು ಅಲ್ಲಿಗೇ ಬಿಟ್ಟೆ ಎಂದು ಲಿಖಿತವಾಗಿ ಕೊಟ್ಟ. ಮತದ ಪೆಟ್ಟಿಗೆ ಕಾಯುವ ಕೆಲಸ, ಎಂದಿನಂತೆ, ಆರಿನ್‌ಗೆ ಬಂತು.

ಮತದಾನದ ಹಿಂದಿನ ದಿನ ಅವನು ನನ್ನ ಪ್ರಯೋಗಾಲಯಕ್ಕೆ ಬಂದ.

"ನಾಳೆ ಮರೀಬೇಡಿ, ಪ್ರೊಫೆಸರ್. ಐದಕ್ಕೆ ಪೆಟ್ಟಿಗೆ ಮುಚ್ತೀನಿ."

"ಕೆಲ್ಸ ಹೋಗತ್ತೆ ಅಂತ ಭಯಾನಾ?"

"ಭಯವೇ. ಪಿಂಚಣಿಗೆ ಇನ್ನೂ ಮೂರು ವರ್ಷ ಇದೆ. ಈ ಚೀಲ ಬಿಟ್ರೆ ನನಗೆ ಬೇರೆ ಏನು ಗೊತ್ತು?"

ಮರುದಿನ ನಾಲ್ಕೂವರೆಗೆ ವಿದ್ಯಾರ್ಥಿನಿಯೊಬ್ಬಳು ಕೈಮೇಲೆ ಆಮ್ಲ ಚೆಲ್ಲಿಕೊಂಡಳು. ನಾನೂ ನನ್ನ ಇಬ್ಬರು ಸಹೋದ್ಯೋಗಿಗಳೂ ನಲ್ಲಿಯ ಕೆಳಗೆ ಅವಳ ಕೈ ಹಿಡಿದು ನಿಂತೆವು. ಆಂಬುಲೆನ್ಸ್ ಬಂದ ಮೇಲೆ ಓಡಿದೆವು. ಸಭಾಂಗಣ ಮುಟ್ಟಿದಾಗ ಐದಾಗಿ ಎರಡು ನಿಮಿಷ. ಪೆಟ್ಟಿಗೆಯ ಮುಚ್ಚಳ ಇಳಿದಿತ್ತು. ಕಾಗದದ ಪಟ್ಟಿಗೆ ಆರಿನ್ ಇನ್ನೂ ಅಂಟು ಸವರುತ್ತಿದ್ದ. ಪಕ್ಕದಲ್ಲಿ ವೈಲ್.

"ಇನ್ನೂ ಅಂಟಿಸಿಲ್ಲ ತಾನೆ, ತೆಗಿ" ಎಂದೆ.

"ಟೈಮಾಯ್ತು, ಪ್ರೊಫೆಸರ್."

"ಹುಡುಗಿ ಕೈ ಸುಟ್ಟಿದೆ. ನಾವೇನು ಕಾಫಿ ಕುಡೀತಾ ಕೂತಿರ್ಲಿಲ್ಲ."

"ಆ ಹುಡುಗನ ಬೆರಳು ಮುರಿದಿತ್ತು. ಆಗ ನೀವೇ ಶಹಬ್ಬಾಸ್ ಅಂದ್ರಿ."

ವೈಲ್ ಅವನ ಹೆಗಲ ಮೇಲೆ ಕೈಯಿಟ್ಟ. "ಇಂಥವರಿಂದ್ಲೇ ನೋಡಿ ಈ ಕಾಲೇಜಿಗೆ ಮರ್ಯಾದೆ ಇರೋದು."

ನಮ್ಮ ಮೂವರ ಚೀಟಿಗಳಲ್ಲಿ ಏನಿದೆಯೆಂದು ಆರಿನ್‌ಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪಟ್ಟಿಯನ್ನು ನೇರವಾಗಿಯೇ ಅಂಟಿಸಿದ.

ಹೊಸ ಒಕ್ಕೂಟಕ್ಕೆ ಸೇರಬೇಕೆಂದವರು ಅರವತ್ತೊಂದು, ಬೇಡವೆಂದವರು ಐವತ್ತೊಂಬತ್ತು. ಯಾರೂ ಲೆಕ್ಕ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ವೈಲ್ ಹೇಳಿದ. "ಆ ಮೂರು ಬಿದ್ದಿದ್ರೆ ನಾನು ಸೋತಿದ್ದೆ, ಆರಿನ್. ನಿನ್ನ ಉಪಕಾರ ಮರೆಯಲ್ಲ."

ಜೂನ್‌ನಲ್ಲಿ ಆರಿನ್‌ನ ಹುದ್ದೆ ರದ್ದಾಯಿತು. ಬೀಳ್ಕೊಡುಗೆಗೆ ಕೇಕು, ಬೆನ್ನಿಗೆ ಇಪ್ಪತ್ತಾರು ಎಂದು ಬರೆದ ತಂಡದ ಅಂಗಿ. "ಬೇಗ ಬೇಗ ತಿನ್ನಿ, ಐದಾದ್ರೆ ಆರಿನ್ ತಟ್ಟೆ ಕಿತ್ಕೋತಾನೆ" ಎಂದ ವೈಲ್. ಎಲ್ಲರೂ ನಕ್ಕರು. ಆರಿನ್ ಕೂಡ ನಕ್ಕ, ಎಲ್ಲರಿಗಿಂತ ಸ್ವಲ್ಪ ಹೊತ್ತು ಹೆಚ್ಚಾಗಿಯೇ. ಮತದಾನವಾದಾಗಿನಿಂದ ನಮ್ಮ ಕಡೆಯ ಐವತ್ತೊಂಬತ್ತರಲ್ಲಿ ಒಬ್ಬರೂ ಅವನನ್ನು ಮಾತಾಡಿಸಿರಲಿಲ್ಲ. ತಡವಾಗಿ ಬಂದ ನಾವು ಮೂವರೂ ಅಷ್ಟೆ.

ಕೇಕಿನ ತಟ್ಟೆ ಹಿಡಿದು ನನ್ನ ಬಳಿ ಬಂದ. "ನಾನು ಮಾಡಿದ್ದು ತಪ್ಪಾ, ಪ್ರೊಫೆಸರ್?"

"ಇಲ್ಲ. ಸರಿಯಾಗೇ ಮಾಡ್ದೆ."

ಅವನ ಮುಖ ಕೊಂಚ ಅರಳಿತು.

"ತಪ್ಪು ಮಾಡಿದ್ರೆ ಕ್ಷಮಿಸಬಹುದಿತ್ತು" ಎಂದು ನಾನು ಕೋಟು ಹಾಕಿಕೊಂಡೆ.

ಆ ಶರತ್ಕಾಲದಲ್ಲಿ ತಂಡ ಕ್ಯಾಲಿಫೋರ್ನಿಯಾಕ್ಕೆ ಹಾರಿತು. ನನಗೊಂದು ಸುತ್ತೋಲೆ ಬಂತು: ಆಟಗಾರರು ಊರಿಗೆ ಮರಳಿದ ಮೇಲೆ ಮೂರು ದಿನದೊಳಗೆ ಯಾವಾಗ ಬೇಕಾದರೂ ಕಂಪ್ಯೂಟರಿನಲ್ಲಿ ಉತ್ತರ ಕಳುಹಿಸಬಹುದು, ತಡವಾದರೆ ಅಂಕ ಕಳೆಯಕೂಡದು.

ಆರಿನ್ ಈಗ ಹೆದ್ದಾರಿಯ ಬದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬೀಗದ ಕೈ ಮಾಡಿಕೊಡುತ್ತಾನೆ. ಕೆಲಸ ಅಚ್ಚುಕಟ್ಟು ಎನ್ನುತ್ತಾರೆ. ನನಗೆ ಬೀಗದ ಕೈ ಬೇಕಾದಾಗ ನಾನು ಪಕ್ಕದ ಊರಿಗೆ ಹೋಗುತ್ತೇನೆ.